ನಾಲ್ಕು ಬೆರಳಿನ ಸಂದು

ಕ್ಯಾಬಿನ್ನಿಗೂ ಗೂಡಿಗೂ ನಡುವೆ
ನಾಲ್ಕೇ ಬೆರಳು.
ಕೈ ತೂರಿಸಿ ನೋಡಿದೆ, ಗೆಣ್ಣು ತರಚಿತು.
ಕೊಳವೆಗೆ ಮೂರು ಬೆರಳು ಬೇಕು,
ಕಾವು ಆಡಲು ಮೇಲೆ ಮೂರು.
ಮಡಚಿ ಎಣಿಸಿದರೂ ಅಷ್ಟೇ, ಬಿಚ್ಚಿ ಎಣಿಸಿದರೂ ಅಷ್ಟೇ.

ಪಿಕಪ್ಪಿನ ಬೆನ್ನಿಗೆ ಕೂರಿಸಿದ ಫೈಬರ್ ಮುಚ್ಚಳಕ್ಕೆ
ನಮ್ಮ ಶೆಡ್ಡಿನಲ್ಲಿ ಗೂಡು ಅಂತಲೇ ಹೆಸರು.
ಶಿಡ್ಲಘಟ್ಟ ಇದು,
ಮುಚ್ಚಿಕೊಂಡದ್ದಕ್ಕೆಲ್ಲ
ಅದೊಂದೇ ಮಾತು ಬಾಯಿಗೆ ಬರುತ್ತದೆ.

ಅಕ್ಕಯಮ್ಮನ ಚಾಕಿ ಮನೆಯ ಗಾಡಿ.
ಎರಡನೇ ಜ್ವರ ಎದ್ದ ಹುಳುಗಳು,
ಜೀರಿಗೆಗಿಂತ ಚೂರು ಉದ್ದ,
ತಟ್ಟೆಯ ಮೇಲೆ ತಟ್ಟೆ ಪೇರಿಸಿಕೊಂಡು
ಕೋಳಿ ಕೂಗುವ ಮುಂಚೆ ಊರೂರಿಗೆ ಹೊರಡುತ್ತವೆ.
"ಪಲಿಚೇರ್ಲಿನಾಗೆ ಇಳಿಸಿದ ಇನ್ನೂರು ಮೊಟ್ಟೆ
ಸೊಪ್ಪಿಗೆ ಬಾಯೇ ಹಾಕ್ಲಿಲ್ಲ ಇನಾಯತ್ತು,
ತಲೆ ಎತ್ಕಂಡು ಸುಮ್ಕೆ ಕೂತ್ಕಂಡ್ವು.
ಬೀಡಿ ಸೇದಿ ಕೈ ತೊಳೀದಿರೋ ಆಳನ್ನ ಬಿಡಿಸ್ದೆ.
ಈ ಗಾಡೀನ ಏನಂತ ಬಿಡಿಸ್ಲಿ?"

ಕೆಳಗೆ ಮಲಗಿ ನೋಡಿದೆ.
ಸೈಲೆನ್ಸರಿನ ಬಾಲ ಹಿಂಬಾಗಿಲ ಅಡಿಗೇ ಬಾಯಿ ತೆರೆದಿತ್ತು.
ಓಡುವ ಗಾಡಿ ತಾನು ಬಿಟ್ಟದ್ದನ್ನು
ತಾನೇ ಬೆನ್ನ ಹಿಂದಿನಿಂದ ಎಳೆದುಕೊಳ್ಳುತ್ತದೆ,
ಹಗಲು ಆಡಿದ ಮಾತನ್ನು ರಾತ್ರಿ ನುಂಗುವವರ ಹಾಗೆ.
ರಬ್ಬರ್ ಪಟ್ಟಿ ಎಷ್ಟು ಬಡಿದರೂ
ಹೊಗೆಗೆ ಸಂದು ಗೊತ್ತು.
ಮೇಲಕ್ಕೇ ಕಳಿಸಬೇಕು.

ಇದು ಕೇಳಿ ಡ್ರೈವರ್ ಗಂಗುಲಪ್ಪನಿಗೆ ಹಬ್ಬ.
"ಎರಡು ಹಾಕಣ್ಣ, ಹೋರಿ ಕೊಂಬಿನಂಗೆ,
ಎಡಕ್ಕೊಂದು ಬಲಕ್ಕೊಂದು. ಸೈಲೆನ್ಸರ್ ಕಿತ್ತಾಕು.
ಚಿಂತಾಮಣಿ ಸರ್ಕಲ್ಲಾಗೆ ಜನ ತಿರುಗಿ ನೋಡ್ಬೇಕು."
ಅಕ್ಕಯಮ್ಮ ಅವನ ಕಡೆ ತಿರುಗಲೂ ಇಲ್ಲ.
"ಸದ್ದಿಗೆ ಹುಳ ಹೆದರ್ತವೋ ಇಲ್ವೋ ಕಾಣೆ.
ನಾನು ಹೆದರ್ತೀನಿ. ಒಂದು ಸಾಕು."

ಎಂಟು ಬೋಲ್ಟು ಬಿಚ್ಚಿ ಗೂಡನ್ನು
ಎರಡು ಬೆರಳು ಹಿಂದಕ್ಕೆ ಒತ್ತಿದೆವು.
ಹಿಂಬಾಗಿಲು ಮುನಿಸಿಕೊಂಡಿತು, ಚಿಲಕ ಕೂಡದು.
ಚಿಲಕ ಕೊಯ್ದು ಬೇರೆ ಕಡೆ ಬೆಸೆದೆ.
ಆಮೇಲೆ ಮೊಣಕೈ ತಿರುವು, ನೆಟ್ಟನೆ ಕೊಳವೆ,
ನಡುಗಿದರೂ ಬಿರಿಯದಂತೆ ರಬ್ಬರಿನ ಹಿಡಿತ,
ಫೈಬರ್ ಬೇಯದಂತೆ ನಡುವೆ ತಗಡಿನ ಪರದೆ.
ಮಳೆ ಒಳಗಿಳಿದರೆ ಬಸಿಯಲೆಂದು
ಬುಡದಲ್ಲಿ ಒಂದು ತೂತು, ದಬ್ಬಳ ಹೋಗುವಷ್ಟು.
ತುದಿಯನ್ನು ಓರೆಯಾಗಿ ಕತ್ತರಿಸಿದೆ,
ಬಂದ ದಾರಿಯನ್ನೇ ನೋಡುವಂತೆ.

ವೆಲ್ಡಿಂಗ್ ಕನ್ನಡಕ ತೆಗೆದಾಗೆಲ್ಲ
ಕಣ್ಣೊಳಗೆ ಹಸಿರು ಚುಕ್ಕೆ ಅಲೆಯುತ್ತದೆ.
ಆ ಹೊತ್ತಿಗೆ ಅಬ್ಬಾ ಕಾಣುತ್ತಾರೆ,
ನೂಲು ಬಿಚ್ಚುವ ಬಾಣಲೆಯ ಮುಂದೆ,
ಬೆಂದು ಬಿಳಿಚಿದ ಬೆರಳಲ್ಲಿ
ಕುದಿನೀರೊಳಗಿನ ಗೂಡಿಗೆ ಎಳೆಯ ತುದಿ ಹುಡುಕುತ್ತ.
ಈ ಹುಳುಗಳೂ ತಿಂಗಳೊಪ್ಪತ್ತಿನಲ್ಲಿ ಅಲ್ಲಿಗೇ ಬರುವವು.
ಅಲ್ಲಿಯ ತನಕ ಕೆಮ್ಮದಿರಲಿ ಅಂತ ಇಷ್ಟೆಲ್ಲ.
ನಾನು ಆ ಮಾತು ಎತ್ತಲಿಲ್ಲ. ಆಕೆಯೂ.
ಕೂಲಿ ಮಾತಾಡಿದೆವು: ನಾಲ್ಕು ಸಾವಿರದ ಇನ್ನೂರು,
ಪೈಪಿನ ದುಡ್ಡು ಬೇರೆ.

ಸಂಜೆ ಗಾಡಿ ಸ್ಟಾರ್ಟ್ ಆಯಿತು.
ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ
ಖಾಲಿ ತಟ್ಟೆಗಳ ನಡುವೆ ಗೂಡಿನೊಳಗೆ ಹತ್ತಿ ಕೂತಳು.
"ಬಾಗ್ಲು ಹಾಕು. ದಿಬ್ಬೂರಹಳ್ಳಿ ರೋಡಿನಾಗೆ ಹೋಗಿ ಬರಾನ.
ನಾನು ತಟ್ಟಿದ್ರೂ ನಿಲ್ಲಿಸ್ಬೇಡ."
ಗಂಗುಲಪ್ಪ ನನ್ನ ಮುಖ ನೋಡಿದ.
ನಾನು ನನ್ನ ಬೆಸುಗೆ ನೋಡಿದೆ.
ಹೋದರು,
ಕೊಳವೆಯ ತುದಿಯಿಂದ ಕಪ್ಪನೆಯ ಎಳೆಯೊಂದು
ಬಿಚ್ಚಿಕೊಳ್ಳುತ್ತ, ಕಡಿಯದೆ,
ತಿರುವಿನವರೆಗೂ.

ಮುಕ್ಕಾಲು ಗಂಟೆ.
ಎರಡು ಟೀ ಕುಡಿದೆ. ಬೀಡಿ ಯಾಕೋ ಹಚ್ಚಲಿಲ್ಲ.

ಬಾಗಿಲು ತೆಗೆದರೆ
ಬೆವರಲ್ಲಿ ತೊಯ್ದು, ಕೂದಲು ಕೆದರಿ,
ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದಾಳೆ.
ನನ್ನ ಎದೆ ಝಲ್ಲೆಂದಿತು.

"ಸೊಪ್ಪಿನ ವಾಸ್ನೆ ಬಿಟ್ರೆ ಇನ್ನೇನಿಲ್ಲ," ಅಂದಳು.
ಇಳಿಯುತ್ತ,
"ತಿನ್ನಾಕೆ ಏನನ ಐತಾ?"