ಹೊರಗಷ್ಟೇ

ಕುರ್ಲಾದ ಗ್ಯಾರೇಜು ಸಾಲಿನಲ್ಲಿ ಮುಸ್ತಕೀಮ್ ಪೇಂಟರ್
ಹಲಸಿನಹಣ್ಣು ನೋಡುವವರ ಹಾಗೆ
ಬಾನೆಟ್ಟಿಗೆ ಬೆರಳುಗೆಣ್ಣು ಕುಟ್ಟಿ, ಕಿವಿಗೊಟ್ಟು
ಹದಿನೆಂಟು ಸಾವಿರ ಅಂದ.

ನನ್ನ ಹತ್ತಿರ ಏಳಿತ್ತು.
ಐದು ಚೀಟಿ ಎತ್ತಿದ್ದು, ಎರಡು ಹಪ್ಪಳದ್ದು.

ಹಾಗಾದರೆ ಹೊರಗಷ್ಟೇ, ಅಂದ.
ಬಾಗಿಲ ಒಳಅಂಚಿಗಿಲ್ಲ, ಡಿಕ್ಕಿಯೊಳಗಿಲ್ಲ,
ಬಣ್ಣ ಆರಿಸುವ ಹಾಗೂ ಇಲ್ಲ:
ಯಾವುದೋ ಆಂಬುಲೆನ್ಸಿಗೆ ಬಳಿದು ಉಳಿದ ಬಿಳಿ ಇದೆ.
ಪೇಪರು ನೀವೇ ತಂದರೆ ನೂರು ಕಡಿಮೆ.

ಆರು ತಿಂಗಳ ರದ್ದಿ ಹೊತ್ತುಕೊಂಡು ಹೋದೆ.
ಗಾಜಿಗೆಲ್ಲ ಕನ್ನಡ ಅಂಟಿಸಿದ, ತಲೆಕೆಳಗಾಗಿ.
ಸ್ಟೂಲಿನಲ್ಲಿ ಕೂತು ಕತ್ತು ವಾಲಿಸಿ ಓದಿದೆ
ವಡಾಲದ ಯಾರದೋ ಉತ್ತರಕ್ರಿಯೆ,
ಮುಗಿದುಹೋದ ಯಕ್ಷಗಾನ,
ವೃಷಭ ರಾಶಿಗೆ ವಾಹನದಿಂದ
ಮುಂದಿನದು ವೈಪರಿನ ಕೆಳಗೆ.

ಮರಳುಕಾಗದ ತಿಕ್ಕಿದಂತೆ
ನನ್ನ ಮಾಸಲು ಕೆಂಪಿನಡಿ ಬೂದು,
ಬೂದಿಯಡಿ ಪಾಚಿಹಸಿರು.
ಒಂದೇ ಕೈಯ ಗಾಡಿ ಅಂದಿದ್ದ ಮಾರಿದವ.
ಮುಸ್ತಕೀಮ್ ಏನೂ ಅನ್ನಲಿಲ್ಲ,
ಪುಟ್ಟಿ ಕಲಸಿದ.
ಕೆಂಪು ಬಳಿಸಿದವರು ಮಾತ್ರ ಕೈಬಿಚ್ಚಿದವರು,
ಹಿಂಜಿನ ಸಂದಿಯನ್ನೂ ಬಿಟ್ಟಿರಲಿಲ್ಲ.

ಮೂರನೆಯ ಸಂಜೆ ಸೊಸೈಟಿಗೆ ತಂದು ನಿಲ್ಲಿಸಿದೆ.
ಎರಡನೇ ಮಹಡಿಯ ಸಾಠೆ ಕಾಕೂ
ತುಳಸಿಗೆ ಬರುವ ಹಾಗೆ ಒಂದು ಸುತ್ತು ಬಂದರು.
ಹೊಸದೇನೇ ಸುಗಂಧಿ?

ಗಾಜು ಇಳಿಸಿದೆ.
ಮೆಂತ್ಯ ಕಟ್ಟಿಗೆ ನಲವತ್ತಾಯಿತು ಅಂದೆ,
ಟ್ಯಾಂಕರ್ ನಾಳೆಯೂ ಬರುವುದಿಲ್ಲವಂತೆ ಅಂದೆ,
ಅವರ ಮಂಡಿನೋವು ಪೂರ್ತಿ ಕೇಳಿದೆ.
ಸೆಕೆ, ಹೊಸ ಬಣ್ಣದ ಘಾಟು,
ಬೆನ್ನಿಗಂಟಿದ ರವಿಕೆ.

ಲಿಫ್ಟು ಅವರನ್ನು ಮೇಲಕ್ಕೆ ಒಯ್ಯುವ ತನಕ
ಬಾಗಿಲು ತೆರೆಯಲಿಲ್ಲ.