ಹಳದಿ ಮುಗಿದಿತ್ತು

ಸಮುದಾಯ ಭವನದ ಮೇಜಿನ ಮೇಲೆ ನಕ್ಷೆ ಬಿಡಿಸಿದರು.
ಸುರುಳಿ ಬಿಚ್ಚಿಕೊಳ್ಳಲೊಲ್ಲದು.
ಒಂದು ಮೂಲೆಗೆ ನೀರಿನ ಲೋಟ, ಒಂದಕ್ಕೆ ಕಾರ್ಪೊರೇಟರ ಫೋನು,
ಮೂರನೆಯದಕ್ಕೆ ನಜೀಬುಲ್ಲಾನ ಸುತ್ತಿಗೆ
(ವೆಲ್ಡಿಂಗ್ ಬಿಟ್ಟು ಹಾಗೇ ಎದ್ದು ಬಂದಿದ್ದ),
ನಾಲ್ಕನೆಯದನ್ನು ನಾನೇ ಒತ್ತಿ ಹಿಡಿದೆ.
ಹೆಬ್ಬೆರಳಿನಡಿ, ಇರುವೆಗಿಂತ ಸಣ್ಣಗೆ,
'ಟ್ರೇಸ್ ಮಾಡಿದವರು: ದಾಕ್ಷಾಯಿಣಿ.'
ಯಾರೂ ನೋಡಲಿಲ್ಲ.

ಕೆಸರೆ ಮೂರನೇ ಹಂತ. ಗೇಣುದ್ದದ ಬಡಾವಣೆ.
ಹಳದಿ ಅಂದರೆ ಮನೆ, ನೀಲಿ ಅಂದರೆ ಅಂಗಡಿ,
ನೇರಳೆ ಕಾರ್ಖಾನೆ, ಕೆಂಪು ಸರ್ಕಾರ,
ಬೂದು ರಸ್ತೆ. ಕಾಗದದಲ್ಲಿ ಮೂವತ್ತಡಿ;
ನೆಲದಲ್ಲಿ ಮೆಟ್ಟಿಲು, ತುಳಸಿಕಟ್ಟೆ, ಬೋರಿನ ಪೆಟ್ಟಿಗೆ,
ಕಾರು ಹತ್ತಿಸುವ ಇಳಿಜಾರು ಎಲ್ಲ ಕಳೆದು
ಮಿಕ್ಕಿದ್ದು ಹದಿನಾಲ್ಕು.
ಕಸದ ಆಟೋ ಬಂದರೆ ಹಾಲಿನವನು ಹಿಮ್ಮುಖ ಹೋಗಬೇಕು.

ಐದನೇ ಕ್ರಾಸಿನ ತಿರುವಿನಲ್ಲಿ ಒಂದೇ ಒಂದು ತ್ರಿಕೋನ, ಹಸಿರು.
ನೀಲಿ ಮಾಡಿಕೊಡಿ ಅಂತ ಅರ್ಜಿ.
ಅರ್ಜಿದಾರರು ಬಂದಿಲ್ಲ. ಅವರ ಎಂಜಿನಿಯರು ಬಂದಿದ್ದಾನೆ,
ಎಲ್ಲರಿಗೂ ಬಾದಾಮಿ ಹಾಲು ತರಿಸಿದ್ದಾನೆ.

'ಅಲ್ಲೊಂದು ಬಾವಿ ಇತ್ತಂತೆ' ಅಂದರು ಸೋಮಾಚಾರಿ.
'ಬಾವಿಯಲ್ಲ, ನಾಗರಕಲ್ಲು.'
'ಯಾರೋ ದೂರದೃಷ್ಟಿಯ ಅಧಿಕಾರಿ,
ಅಂಥವರು ಈಗೆಲ್ಲಿದ್ದಾರೆ' ಅಂದರು ಕಾರ್ಪೊರೇಟರು.
ಪುಟ್ಟಮಾದಮ್ಮ ಸೆರಗು ಸಿಕ್ಕಿಸಿ ಎದ್ದಳು:
'ಅದ್ಯಾಕ್ ಬಿಟ್ರೋ ನಾ ಕಾಣೆ ಕಣಪ್ಪ.
ಮೊಮ್ಮಗಳ ನಾಮಕರಣದ ಶಾಮಿಯಾನ ಹಾಕಿದ್ದು ಅಲ್ಲಿ,
ನಮ್ಮೆಜಮಾನ್ರ ಹನ್ನೊಂದ್ನೇ ದಿನದ ಎಲೆ ಹಾಕಿದ್ದೂ ಅಲ್ಲೇ.
ನಾಳೆ ನಾನ್ ಹೋದ್ರೆ ಮೊಬೈಲ್ ಅಂಗಡೀಲಿ ಕೂರುಸ್ತೀರಾ ನೆಂಟ್ರನ್ನ?'

ಅದು ಮಾರ್ಚ್ ತಿಂಗಳ ಕೊನೇ ದಿನ.
ಅನುದಾನ ಮುಗಿದಿತ್ತು, ಹಳದಿಯೂ ಮುಗಿದಿತ್ತು,
ಹೊಸ ಸೀಸೆಗೆ ಸಹಿ ಹಾಕುವವರು ತಿರುಪತಿಗೆ ಹೋಗಿದ್ದರು.
ಹೆಡ್ ಡ್ರಾಫ್ಟ್ಸ್‌ಮನ್ ಬಾಗಿಲಲ್ಲೇ ನಿಂತು
'ಬಿಳಿ ಬಿಟ್ರೆ ಬೈತಾರೆ. ಇರೋದು ಹಚ್ಚಮ್ಮ' ಅಂದರು.
ಇದ್ದದ್ದು ಹಸಿರು, ತಳದಲ್ಲಿ,
ಒಂದು ತ್ರಿಕೋನಕ್ಕಾಗುವಷ್ಟು.
ನನಗೆ ಇಪ್ಪತ್ತಮೂರು. ಐದೂಮುಕ್ಕಾಲಿಗೆ ಬಸ್ಸು.

ಪಕ್ಕದ ಕುರ್ಚಿಯಲ್ಲಿ ಕೆಂಪದೇವಣ್ಣ,
ತೊಡೆಯ ಮೇಲೆ ಹದಿನೆಂಟು ವರ್ಷದ ಫೈಲು.
ಅವರ ಮುಂಗೋಡೆ ಎಂಟಡಿ ರಸ್ತೆಯೊಳಗಿದೆಯಂತೆ.
ಎಂಟಡಿ ಅಂದರೆ ಈ ನಕ್ಷೆಯಲ್ಲಿ ಅರ್ಧ ಮಿಲಿಮೀಟರು,
ಅರ್ಧ ಮಿಲಿಮೀಟರು ಅಂದರೆ ನನ್ನ ಪೆನ್ನು.
ಸಣ್ಣ ಮೊನೆ ಕಟ್ಟಿಕೊಂಡಿತ್ತು, ದಪ್ಪದ್ದು ತೆಗೆದುಕೊಂಡಿದ್ದೆ.
ಆ ಗೆರೆಯ ಅಗಲದೊಳಗೆ
ಅವರ ಜಗುಲಿ, ಕಾಯಿಬಿಟ್ಟ ಸೀಬೆ,
ವಕೀಲರಿಗೆ ಮಾರಿದ ಎರಡು ಬಳೆ.

ನಕ್ಷೆ ತಪ್ಪಬಲ್ಲದು ಅಂದರೆ ಗೋಡೆ ಉಳಿಯುತ್ತದೆ.
ಅದೇ ಮಾತಿಗೆ ತ್ರಿಕೋನ ಹೋಗುತ್ತದೆ.
ಬಾದಾಮಿ ಹಾಲಿನ ಮೇಲೆ ಕೆನೆ ಕಟ್ಟಿತು.

ಕೊನೆಗೆ ಎದ್ದೆ. ಪೆನ್ನಿನ ವಿಷಯ ಹೇಳಿದೆ.
ಗುಮಾಸ್ತ ಬರೆದುಕೊಂಡ:
'ಪೆನ್ನಿನ ಬಗ್ಗೆ ಪ್ರಸ್ತಾಪ. ಗಮನಿಸಲಾಯಿತು.'
ಎಂಜಿನಿಯರು ಹುಡುಗ ಚುರುಕು:
'ಹಾಗಾದ್ರೆ ಬಣ್ಣದಲ್ಲೂ ತಪ್ಪಿರಬಹುದಲ್ಲ ಮೇಡಂ?'
'ಬಣ್ಣ ನೋಡಿಯೇ ಹಚ್ಚುತ್ತಿದ್ದೆವಪ್ಪ' ಅಂದೆ.
ಸುಳ್ಳಲ್ಲ. ನೋಡಿಯೇ ಹಚ್ಚಿದ್ದೆ.
ಸೀಸೆಯ ತಳ ನೋಡಿ.

ಎರಡೂ ವಿಷಯ ಮುಂದಿನ ಸಭೆಗೆ.
ಹೆಬ್ಬೆರಳು ತೆಗೆದ ಕೂಡಲೇ ಬಡಾವಣೆ
ಸರ್ರನೆ ಸುರುಳಿ ಸುತ್ತಿಕೊಂಡಿತು, ಲೋಟ ಉರುಳಿತು.

ಮನೆ ಕಡೆ ನಡೆದೆವು, ನಾನು, ಕೆಂಪದೇವಣ್ಣ,
ಚರಂಡಿಯ ಒಡೆದ ಚಪ್ಪಡಿ ದಾಟಿಕೊಂಡು.
ತ್ರಿಕೋನದ ಹತ್ತಿರ ಅವರು ನಿಂತರು.
'ಗೆರೆ ಅರ್ಥವಾಯ್ತಮ್ಮ. ಈ ಹಸಿರು?
ಇದನ್ನ ಯಾರು ಹಚ್ಚಿದ್ದು?'

ಅಲ್ಲಿನ ಬೀದಿದೀಪ ಕೆಟ್ಟು ತಿಂಗಳಾಗಿತ್ತು.
ಮೂರು ಸಲ ದೂರು ಕೊಟ್ಟಿದ್ದೆ, ನಾನೇ.
ಆ ರಾತ್ರಿ ಮಾತ್ರ
ಯಾರೂ ಬಂದು ಸರಿ ಮಾಡದಿದ್ದದ್ದು ಒಳ್ಳೆಯದಾಯಿತು.