ಬೋರ್ಡಿಗೆ ನಾಕು ಸಾಲು

ಆಟ ಸುರು ಆಗೂಕಿಂತ ಮೊದಲ
ಕರೇ ಪರದೆ ಮ್ಯಾಲೆ ಬೆಳ್ಳಗ ಒಂದಿಷ್ಟು ಇಂಗ್ಲಿಷು ಬರತಿತ್ತು.
ಹನ್ನೊಂದು ವರ್ಷ ಅದನ್ನ ನಾ ಓದಿಲ್ಲ.
ಬನಹಟ್ಟಿಯೊಳಗ ಯಾರೂ ಓದಿಲ್ಲ.
ಗುಂಡಿ ಒತ್ತಿದರ ಹೋಗತಿತ್ತು,
ನೊಣಾ ಕೈಲೆ ಝಾಡಿಸಿದಂಗ.

ಅವತ್ತು ಕರೆಂಟು ತಗದಿದ್ದರು.
ಓಣಿ ಮಗ್ಗ ಎಲ್ಲಾ ಒಮ್ಮೆಲೆ ನಿಂತು
ಊರಿಗೆ ಹೊಳ್ಳಿ ಕಿವಿ ಬಂದಂಗ ಆಗಿತ್ತು.
ನನ್ನ ಅಂಗಡ್ಯಾಗ ಮಾತ್ರ ಇನ್ವರ್ಟರು.
ಶಟರು ಅರ್ಧ ಇಳಿಸಿ, ಕತ್ತಲಿ ಮಾಡಿ,
ನಾಕು ಟೀವಿ, ಎಂಟು ಹುಡುಗರು, ತಾಸಿಗೆ ಮೂವತ್ತು.

ಗುರುಪಾದ ಕಡೀ ರಾಕ್ಷಸನ ತನಕ ಬಂದಿದ್ದ.
ಅದು ಸಾಯೂ ಮುಂದ ಪರದೆ ತುಂಬ
ಕೆಂಪು ಬಿಳಿ ಕೆಂಪು ಬಿಳಿ ಕೆಂಪು
ನಾವೆಲ್ಲಾ ಹೋಯ್ ಅಂದಿವಿ.
ಅವನೂ ಏನೋ ಅಂದ, ಮಾತಲ್ಲ ಅದು,
ಗಂಟಲಾಗ ಗಾಳಿ ಸಿಕ್ಕೊಂಡ ಸಪ್ಪಳ.
ಕುರ್ಚಿ ಬಿತ್ತು. ಅವ ಬಿದ್ದ.
ಟೀವಿಯೊಳಗ ಪಟಾಕಿ ಹಾರಾಕತ್ತಿದ್ದುವು.

ಉಳ್ಳಾಗಡ್ಡಿ ಜಜ್ಜರಿ ಅಂದರು ಒಬ್ಬರು,
ಮೂಸಸಾಕ ನನ್ನ ಚಪ್ಪಲೀನ ಕಳದರು ಇನ್ನೊಬ್ಬರು.
ಕಬ್ಬಣ, ಕಬ್ಬಣ, ಅಂತ ಹೊರಗ ಯಾರೋ ಒದರಿದರು.
ನಾ ಅವನ ಬಿಗಿ ಮುಟಗಿ ಬಿಚ್ಚಿ ಕೀಲಿಕೈ ಇಟ್ಟೆ,
ನನ್ನ ಅಂಗಡೀ ಕೀಲಿಕೈ.
ಒಂದೂ ಬ್ಯಾಡಾಗಿತ್ತು. ಮಗ್ಗಲಿಗೆ ಹೊಳ್ಳಿಸಿ
ತಲಿ ಬುಡಕ ಅಂಗಿ ಇಟ್ಟು ಗಡಿಯಾರ ನೋಡಬೇಕಿತ್ತು.
ಅದು ಆಮ್ಯಾಲೆ ಗೊತ್ತಾತು.
ನನಗ ಎಲ್ಲಾ ಆಮ್ಯಾಲೆ ಗೊತ್ತಾಗತೈತಿ.

ಅವರವ್ವ ಶೋಭವ್ವ ಕಂಡಿಕಿ ಸುತ್ತೂದು ಬಿಟ್ಟು ಓಡಿ ಬಂದಳು.
ಬೆರಳಿಗೆ ಹಸರ ನೂಲು ಹಂಗ ಇತ್ತು.
ನನ್ನ ಬೈಲಿಲ್ಲ. ಬೈದಿದ್ದರ ಛಲೋ ಇತ್ತು.
"ದೆವ್ವಲ್ಲ ಬಿಡ್ರಿ" ಅಂದಳು.
ಅಲ್ಲಿ ತನಕ ಯಾರೂ ದೆವ್ವ ಅಂದಿರಲಿಲ್ಲ.

ಬಾಗಲಕೋಟ್ಯಾಗ ತಲಿಗೆ ವಾಯರು ಹಚ್ಚಿ
ಡಾಕ್ಟರು ಮಿಂಚೂ ದೀಪಾ ತೋರಿಸಿದರಂತ,
ಗೆರಿ ಎಲ್ಲಾ ಹುರಿ ಬಿಚ್ಚಿದಂಗ ಚದರಿದುವಂತ.
ಗುಳಿಗಿ ಬರದಾರ, ಮುಂಜಾನಿ ಒಂದು, ರಾತ್ರಿ ಒಂದು.
ಜಮಖಂಡಿ ರಸ್ತೇಕ ಬಸ್ಸಿನ ಕಿಡಕಿಗೆ ಕುಂತರ
ಬೇವಿನ ಗಿಡದ ನಡಕ ಬಿಸಿಲು ಪಟಪಟ ಅಂತೈತಲ್ಲ,
ಅವಾಗ ಒಂದು ಕಣ್ಣು ಅಂಗೈಲೆ ಮುಚ್ಚಂದಾರ.
ಬರೇ ರೆಪ್ಪಿ ಮುಚ್ಚಿದರ
ಬೆಳಕು ಕೆಂಪಾಗಿ ಒಳಗ ಬರತೈತಂತ.

ಮೂರು ದಿನ ಶಟರು ತಗೀಲಿಲ್ಲ.
ನಾಕನೇ ದಿನ ಆ ಇಂಗ್ಲಿಷಿನ ಫೋಟೋ ಹೊಡಕೊಂಡು
ಅಕ್ಕನ ಮಗಳ ಕಡೆ ಓದಿಸಿದೆ.
ಕನ್ನಡದಾಗ ಬರದು ಬಾಗಿಲಿಗೆ ಹಚ್ಚಬೇಕಂತ.
ಅಲ್ಲೇ ಸಿಕ್ಕೊಂಡೆ.

ನಮ್ಮ ಮಾತಿನ್ಯಾಗ ಬೆಳಕಿಗೆ ಎಷ್ಟು ಹೆಸರು:
ಮಿಣಮಿಣ, ಮಿರಮಿರ, ಝಗಝಗ,
ಫಳಫಳ, ಥಳಥಳ, ಲಕಲಕ.
ಎಲ್ಲಾ ಮದವೀ ಮನಿ ಶಬ್ದ,
ಎಲ್ಲಾ ಸೀರಿ ಸೆರಗಿನ ಶಬ್ದ.
ಕಣ್ಣು ಕುಕ್ಕತೈತಿ ಅಂತೀವಿ,
ಅದೂ ಯಾರದರ ಹೊಸಾ ಬಂಗಾರ ನೋಡಿ.
ಬೆಳಕು ಹುಡುಗನ್ನ ನೆಲಕ್ಕ ಕೆಡವತೈತಿ ಅನ್ನಾಕ
ಹುಡುಕಿದೆ, ಹುಡುಕಿದೆ,
ಅಕ್ಕನ ಮಗಳು ಹೋಮ್‌ವರ್ಕ್ ಐತಿ ಅಂತ ಎದ್ದು ಹೋದಳು.

ಗುರುಪಾದನ್ನ ಕೇಳಿದೆ: ನಿನಗ ಹೆಂಗ ಕಾಣಿಸ್ತೋ?
ಕಟ್ಟೀ ಮ್ಯಾಲೆ ಕಾಲು ಆಡಿಸ್ಕೋತ ಅಂದ,
"ಲಾಳಿ ಓಡಿದಂಗ ಕಾಕಾ. ಈ ದಂಡಿ, ಆ ದಂಡಿ.
ಆಮ್ಯಾಲೆ ಎಳಿ ಹರೀತು.
ಆಮ್ಯಾಲೆ ಅವ್ವನ ಬೆರಳು ಕಂಡುವು, ಹಸರ."
ಸ್ವಲ್ಪ ತಡದು,
"ಗೆದ್ದಿದ್ದೆ ಹೌದಿಲ್ಲೋ?"
ಹೌದು ಅಂದೆ.
ಸೇವ್ ಆಗಿಲ್ಲಂತ ಹೇಳಲಿಲ್ಲ.

ಈಗ ಶಟರು ಪೂರಾ ಮ್ಯಾಲೆ. ಒಳಗ ಹಗಲಾಗೂ ಬಲ್ಬು.
ಪರದೆ ಸರಿ ಕಾಣಂಗಿಲ್ಲಂತ ಹುಡುಗರು ಗೊಣಗತಾವ.
ಬಾಗಿಲಿಗೆ ರಟ್ಟು, ನನ್ನ ಸೊಟ್ಟ ಅಕ್ಷರ:

ಈ ಆಟದಾಗ ಬೆಳಕು ಲಾಳಿಯಂಗ ಓಡತೈತಿ.
ಕೆಲವರಿಗೆ ಎಳಿ ಹರೀತೈತಿ.
ಕಣ್ಣಿಗೆ ಏನರ ಆದರ ಒಂದು ಕಣ್ಣು ಮುಚ್ಚಿ ಹೊರಗ ಬರ್ರಿ.
ರೊಕ್ಕ ವಾಪಸ್ ಕೊಡತೀನಿ.

ಕಡೀ ಸಾಲು ಅಷ್ಟ ಓದತಾವ, ಮುಂಡೇವು.
ಅದಕ್ಕ ಬಾಗಿಲದಾಗ ನಿಂತು
ಮೊದಲಿನ ಮೂರು ನಾನ ಓದತೀನಿ,
ಮಗ್ಗದ ಸಪ್ಪಳಕಿಂತ ಜೋರಲೆ.